ಟ್ಯಾಪೆಟ್ ಕವರಿನ ಕೆಳಗಿನ ಪಟ್ಟಿ

ಅಮಾವಾಸ್ಯೆಯ ದಿನ ನಮ್ಮ ಓಣಿಯ ಮಗ್ಗಗಳು ನಿಲ್ಲುತ್ತವೆ. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲಿ ಪವರ್‌ಲೂಮಿನ ಸದ್ದಿಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಆ ಸದ್ದು ಇಲ್ಲದಿದ್ದರೆ ಎಚ್ಚರವಾಗುತ್ತದೆ. ಆ ಮಂಗಳವಾರವೂ ಹಾಗೆಯೇ ಐದಕ್ಕೆ ಎದ್ದೆ. ಅಂಗಳಕ್ಕೆ ನೀರು ಹೊಡೆದು, ಹೊಸ್ತಿಲ ಮುಂದೆ ರಂಗೋಲಿ ಎಳೆದು, ಒಲೆಯ ಮೇಲೆ ಹಾಲಿಟ್ಟು, ಪಕ್ಕದ ತಗಡಿನ ಶೆಡ್ಡಿಗೆ ಹೋಗಿ ಕಾರಿನ ಕೆಳಗೆ ಹಾಸಿದ್ದ ಹಳೆಯ ಪೇಪರನ್ನು ಎಳೆದು ನೋಡಿದೆ.

ಇದೂ ನನ್ನ ಬೆಳಗಿನ ಕೆಲಸಗಳಲ್ಲಿ ಒಂದಾಗಿ ಮೂರು ತಿಂಗಳಾಗಿತ್ತು. ಪೇಪರಿನ ಮೇಲೆ ನಾಲ್ಕು ಹನಿ. ಮೂರು ಒಂದರ ಪಕ್ಕ ಒಂದು. ನಾಲ್ಕನೆಯದು ಸ್ವಲ್ಪ ದೂರ ಬಿದ್ದು, ಹಬ್ಬಿ, ಜಾಹೀರಾತಿನಲ್ಲಿದ್ದ ಯಾವುದೋ ಹುಡುಗಿಯ ಕೆನ್ನೆಯನ್ನು ಕಂದು ಮಾಡಿತ್ತು. ಕಾರು ನಿಂತೇ ಇದ್ದ ದಿನ ಪೇಪರು ಒಣಗಿರುತ್ತಿತ್ತು. ಓಡಿ ಬಂದ ರಾತ್ರಿ ಮಾತ್ರ ಹನಿ. ಹಿಂದಿನ ದಿನ ಸೋಮವಾರ, ಜಮಖಂಡಿಗೆ ಹೋಗಿ ಬಂದಿದ್ದೆವು. ಹನಿ ಬೀಳುತ್ತಿದ್ದದ್ದು ಯಾವಾಗಲೂ ಒಂದೇ ಕಡೆ: ಎಂಜಿನ್ನಿನ ಹಿಂದುಗಡೆ, ಅದು ಗೇರ್‌ಬಾಕ್ಸಿಗೆ ಕೂಡುವ ಜಾಗದ ಕೆಳಗೆ.

ಒಳಗೆ ಬಂದು ನಮ್ಮ ಮನೆಯವರನ್ನು ಎಬ್ಬಿಸಿದೆ. ದೀಪಾವಳಿ ಮುಗಿದ ವಾರದಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕಾಲು ಒಂದಿಷ್ಟು ಮರಳಿತ್ತು. ಗೋಡೆ ಹಿಡಿದು ನಡೆಯುತ್ತಿದ್ದರು. ಕೈ ಬಂದಿರಲಿಲ್ಲ. ಮಾತು ಒಂದೊಂದೇ ತುಂಡಾಗಿ ಬರುತ್ತಿತ್ತು. ಚಹಾವನ್ನು ಬಸಿಗೆ ಹಾಕಿ ಎಡಗೈಗೆ ಕೊಟ್ಟೆ. ತುಟಿಯ ಬಲ ಮೂಲೆಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದೆ. ಗಡ್ಡ ಮಾಡಿದೆ. ಗದ್ದದ ಕುಳಿಯಲ್ಲಿ ಬ್ಲೇಡು ತಿರುಗಿಸುವುದು ಈಗ ನನಗೆ ರೂಢಿಯಾಗಿದೆ. ಕುತ್ತಿಗೆಗೆ ಪೌಡರ್ ಹಾಕಿ, ಬಲಗೈಯನ್ನು ಮಡಿಲಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಚಿ ಮಾಡಿದೆ.

"ಎಷ್ಟು?" ಎಂದು ಕೇಳಿದರು.

"ನಾಕ ಹನಿರಿ."

ಅವರು ಕಣ್ಣು ಮುಚ್ಚಿದರು. ಆಮೇಲೆ, ಆ ಮೂರು ತಿಂಗಳಲ್ಲಿ ಅವರು ಪೂರ್ತಿಯಾಗಿ ಕೂಡಿಸಿಕೊಂಡಿದ್ದ ಒಂದೇ ಒಂದು ವಾಕ್ಯವನ್ನು ಹೇಳಿದರು: "ನಾ... ಛಲೋ... ಕೂಡ್ಸೀನಿ."

ಆ ವಾಕ್ಯದ ಹಿಂದೆ ಇದ್ದದ್ದು ದಸರೆಯ ಸಂಗತಿ. ಪ್ರತಿ ವರ್ಷ ಖಂಡೇಪೂಜೆಯ ಮುಂಚೆ ಅವರು ಕಾರನ್ನು ಬಿಚ್ಚಿ ಒರೆಸಿ ಮತ್ತೆ ಕೂಡಿಸುತ್ತಿದ್ದರು. ಅದು ನಮ್ಮ ಮದುವೆಗಿಂತ ಹಳೆಯ ಕಾರು. ಜಮಖಂಡಿಯ ಒಂದು ಮನೆಯ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರನ್ನು ಎತ್ತಿನಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದು, ಎರಡು ವರ್ಷ ಬಿಡುವಿನ ದಿನಗಳನ್ನೆಲ್ಲ ಹಾಕಿ ಓಡುವಂತೆ ಮಾಡಿದ್ದರು. ಅದರ ಜೊತೆ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು, ಯಾವ ಭಾಗವನ್ನು ಹೇಗೆ ಬಿಚ್ಚಬೇಕು ಎಂದು ತಿಳಿಸುವುದು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಇಂಗ್ಲಿಷು ಈ ಊರಿನಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಆ ಪುಸ್ತಕ ಓದಿ ಹೇಳುವುದಕ್ಕೆ. ನಟ್ಟನ್ನು ಬೆರಳಿನಿಂದ ತಿರುಗುವಷ್ಟು ತಿರುಗಿಸಿ, ಪಾನಾ ಹಾಕಿ ಇನ್ನು ಅರ್ಧ ಸುತ್ತು, ಅಷ್ಟೇ ಎಂದು ಒಂದು ಕಡೆ ಬರೆದಿತ್ತು. ಅದನ್ನು ಹೇಳಿದಾಗ ಅವರು ನಕ್ಕು, "ಹಂಗಾರ ಈ ಪುಸ್ತಕಾ ಬರದಾವ ನನ್ನಂಗ ಬೆರಳ ನಂಬಾಂವ" ಎಂದಿದ್ದರು.

ಬೆರಳು ಅವರ ಕಸುಬು. ಸೀರೆಯ ಅಂಚಿನಲ್ಲಿ ನವಿಲೋ ಬಳ್ಳಿಯೋ ಬರಬೇಕಾದರೆ ಜಕಾರ್ಡ್ ಮಗ್ಗಕ್ಕೆ ರಟ್ಟಿನ ಉದ್ದುದ್ದ ಪಟ್ಟಿಗಳನ್ನು ಕೊಡಬೇಕು. ಪಟ್ಟಿಯಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಆ ತೂತು ಹೊಡೆಯುವವರು ನಮ್ಮ ಮನೆಯವರು. ಒಂದು ತೂತು ತಪ್ಪಿದರೆ ಸೀರೆಯ ಉದ್ದಕ್ಕೂ ಪ್ರತಿ ನವಿಲಿನ ಕಣ್ಣೂ ತಪ್ಪುತ್ತದೆ. ಈಗ ಕಂಪ್ಯೂಟರಿನ ಮಗ್ಗಗಳು ಬಂದಿವೆ, ಆದರೂ ಹಳೆಯ ಮಗ್ಗದವರು ರಬಕವಿಯಿಂದ, ತೇರದಾಳದಿಂದ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಡೆದ ಪಟ್ಟಿಯನ್ನು ಇವರು ಕಣ್ಣಿನಿಂದ ನೋಡಿ ತಾಳೆ ಮಾಡಿದ್ದನ್ನು ನಾನು ಕಂಡಿಲ್ಲ. ಯಾರ ಜೊತೆಗೋ ಮಾತಾಡುತ್ತ, ಬಲಗೈ ಬೆರಳ ತುದಿಯನ್ನು ಪಟ್ಟಿಯ ಮೇಲೆ ಸರಸರ ಎಳೆದು, "ಇದು ಬರೊಬ್ಬರಿ ಐತಿ" ಎಂದು ಪಕ್ಕಕ್ಕೆ ಇಡುತ್ತಿದ್ದರು. ಖಾಲಿ ಪಟ್ಟಿಗಳನ್ನೂ ತೂತಿನ ಪಟ್ಟಿಗಳನ್ನೂ ಬೇರೆ ಮಾಡುತ್ತಿದ್ದದ್ದೂ ಹಾಗೆಯೇ.

ದಸರೆಯಲ್ಲಿ ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ ತೆಗೆದಾಗ ಅದರ ಕೆಳಗಿನ ಬೆಂಡಿನ ಪಟ್ಟಿ ಹರಿದುಬಂದಿತ್ತು. ಆ ಮುಚ್ಚಳಕ್ಕೆ ಗ್ಯಾರೇಜಿನವರು ಟ್ಯಾಪೆಟ್ ಕವರ್ ಎನ್ನುತ್ತಾರೆ, ಪಟ್ಟಿಗೆ ಪ್ಯಾಕಿಂಗ್. ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ಅದು ಕುಳಿತಿದ್ದರೆ ಒಳಗೆ ಚಿಮ್ಮುವ ಎಣ್ಣೆ ಹೊರಗೆ ಬರುವುದಿಲ್ಲ. ಹಬ್ಬದ ವಾರ, ಬೆಂಡಿನ ಹಾಳೆ ಎಲ್ಲೂ ಸಿಗಲಿಲ್ಲ. ಇವರು ತಮ್ಮ ಖಾಲಿ ಪಟ್ಟಿಗಳನ್ನೇ ಕತ್ತರಿಸಿ, ನಾಲ್ಕು ತುಂಡನ್ನು ಮೂಲೆಯಲ್ಲಿ ಒಂದರೊಳಗೊಂದು ಸಿಕ್ಕಿಸಿ, ವಾರ್ನಿಷ್ ಬಳಿದು ಕೂಡಿಸಿದರು. ಹಿಂದೊಮ್ಮೆ ಹಾಗೇ ಮಾಡಿದ್ದರು, ಅದು ಎರಡು ವರ್ಷ ಒಂದು ಹನಿ ಬಿಟ್ಟಿರಲಿಲ್ಲ. ಬೇರೆ ಊರಿನ ಮಿಸ್ತ್ರಿಗಳು ಕೇಳಿದರೆ ನಗುತ್ತಾರೆ. ಬನಹಟ್ಟಿಯಲ್ಲಿ ಬಾಗಿಲು ಅಲ್ಲಾಡಿದರೂ ಜನ ಜಕಾರ್ಡ್ ಪಟ್ಟಿಯನ್ನೇ ಮಡಚಿ ಸಿಕ್ಕಿಸುತ್ತಾರೆ.

ಅವರು ಕೈಯಿಂದ ಮಾಡಿದ ಕೊನೆಯ ಪೂರ್ತಿ ಕೆಲಸ ಅದು.

ನಮ್ಮನ್ನು ಸೋಮವಾರ ಸೋಮವಾರ ಜಮಖಂಡಿಯ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದವರು ರಬಕವಿಯ ಮಿಸ್ತ್ರಿ, ಇವರ ಬಾಲ್ಯದ ಗೆಳೆಯ. ಹಿಂದಿನ ದಿನ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಮೊಣಕಾಲು ಜಾಡಿಸುತ್ತ ಎದ್ದು ಹೇಳಿದ್ದರು:

"ಎರಡರಾಗ ಒಂದ್ರಿ ವೈನಿ. ಮ್ಯಾಲ ಕವರಿನ ಪ್ಯಾಕಿಂಗ್ ಸೋರಿ ಹಿಂದಿನಿಂದ ಇಳಿಯಾಕತ್ತಿರಬೇಕು, ಇಲ್ಲಾ ಕೆಳಗ ಕ್ರ್ಯಾಂಕಿನ ಹಿಂದಿನ ಸೀಲ ಹೋಗಿರಬೇಕು. ಮ್ಯಾಲಿಂದಾದ್ರ ಅರ್ಧಾ ತಾಸಿನ ಕೆಲಸ. ಕೆಳಗಿಂದಾದ್ರ ಎಂಜಿನ್ ಇಳಸಬೇಕು, ಗಾಡಿ ನನ್ನ ಗ್ಯಾರೇಜಿನ್ಯಾಗ ಹದಿನೈದ ದಿನಾ ಸಂಸಾರ ಮಾಡತೈತಿ. ಮದಲ ಮ್ಯಾಲಿಂದ ಬಿಚ್ಚಿ ನೋಡೂಣು?"

"ಬ್ಯಾಡ!" ಎಂದು ಕಾರಿನ ಒಳಗಿನಿಂದ ನಮ್ಮ ಮನೆಯವರು ಕೂಗಿದರು. ಎಡಗೈಯಿಂದ ಬಾಗಿಲು ಬಡಿದರು. "ಮ್ಯಾಲ ಅಲ್ಲ. ನಾ... ಛಲೋ..."

"ಆತ್ರಿ ಅಣ್ಣಾರ, ಆತು. ನಿಮ್ಮ ಕೆಲಸಕ್ಕ ಹೆಸರಿಡಾಕ ನಾ ಯಾರು?" ಎಂದ ಮಿಸ್ತ್ರಿ ನನ್ನ ಕಡೆ ನೋಡಿದರು. ನಾನು, ಬಿಚ್ಚದೆಯೇ ಪತ್ತೆ ಹಚ್ಚುವ ರೀತಿ ಪುಸ್ತಕದಲ್ಲಿ ಇದೆ, ನಾಳೆ ಮಗ್ಗ ಬಂದ್ ಇರುತ್ತವೆ, ಎಂಜಿನ್ನಿನ ಸದ್ದು ಇವರಿಗೂ ಚೆನ್ನಾಗಿ ಕೇಳುತ್ತದೆ, ನಾನೇ ನೋಡುತ್ತೇನೆ ಎಂದೆ. ನಮ್ಮ ಮನೆಯವರು ತಲೆ ಆಡಿಸಿದರು. ಮಿಸ್ತ್ರಿ ಮಧ್ಯಾಹ್ನ ಬರುತ್ತೇನೆಂದು ಹೋದರು.

ಹಾಗಾಗಿ ಆ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ನಾನು ಬೇಡಿಕೊಂಡದ್ದು ವಿಚಿತ್ರವಾಗಿತ್ತು. ಸೋರಿಕೆ ಕೆಳಗಿನಿಂದಲೇ ಇರಲಿ, ಎಂಜಿನ್ ಇಳಿಸುವಂತಾದರೂ ಆಗಲಿ, ಆ ಪಟ್ಟಿಯೊಂದು ನೆಟ್ಟಗಿರಲಿ ಎಂದು ಬೇಡಿಕೊಂಡೆ. ಕೈ ಹೋಗಿತ್ತು, ಮಾತು ಹೋಗಿತ್ತು. ಬಿದ್ದುಹೋಗುವ ಹಿಂದಿನ ಗಳಿಗೆಯವರೆಗೂ ತಮ್ಮ ಬೆರಳು ತಪ್ಪಿರಲಿಲ್ಲ ಎನ್ನುವುದನ್ನು ಹಿಡಿದುಕೊಂಡು ಅವರು ದಿನ ಕಳೆಯುತ್ತಿದ್ದರು.

ರೊಟ್ಟಿ ಬಡಿದಾದ ಮೇಲೆ ಅವರನ್ನು ಶೆಡ್ಡಿಗೆ ನಡೆಸಿಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಬಾನೆಟ್ ಎತ್ತಿ ಕೋಲು ಕೊಟ್ಟೆ. ಪುಸ್ತಕವನ್ನು ರೇಡಿಯೇಟರಿನ ಮೇಲಿಟ್ಟು ಓದುತ್ತ ಹೋದೆ. ಎಣ್ಣೆ ಯಾವಾಗಲೂ ಕೆಳಕ್ಕೇ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಸಿಯಾಗಿ ಕಂಡ ಜಾಗವೇ ಸೋರುವ ಜಾಗ ಎಂದುಕೊಳ್ಳಬಾರದು. ಮೊದಲು ಎಲ್ಲವನ್ನೂ ತೊಳೆದು ಒಣಗಿಸಿ, ಮೇಲೆ ಪೌಡರ್ ಉದುರಿಸಿ, ಎಂಜಿನ್ ಓಡಿಸಿ, ಪೌಡರ್ ಎಲ್ಲಿ ಮೊದಲು ಕಪ್ಪಾಗುತ್ತದೆ ನೋಡಬೇಕು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅವರು ಹೂಂ ಹೂಂ ಎಂದರು, ಮೊದಲಿನ ಹಾಗೆಯೇ.

ಸೀಮೆಎಣ್ಣೆಯಲ್ಲಿ ಮಗ್ಗದ ಕಸದ ನೂಲು ಅದ್ದಿ ಒರೆಸಿದೆ. ನೂಲಿನ ಮುದ್ದೆಯಲ್ಲಿ ಹಸಿರು, ಅರಿಶಿಣ, ಕುಂಕುಮದ ಬಣ್ಣದ ಎಳೆಗಳಿದ್ದವು. ಎಲ್ಲವೂ ಒಂದೇ ಕಪ್ಪಾದವು. ಮುಚ್ಚಳದ ಎರಡು ನಟ್ಟುಗಳನ್ನು ಮುಟ್ಟಿ ನೋಡಿದೆ. ಸಡಿಲವಿರಲಿಲ್ಲ. ಅತಿಯಾಗಿ ಬಿಗಿದು ಮುಚ್ಚಳದ ತಗಡು ಸೊಟ್ಟಗಾದರೂ ಸೋರುತ್ತದೆ ಎಂದು ಪುಸ್ತಕ ಹೇಳಿತ್ತು. ತಗಡಿನ ಅಂಚಿಗೆ ಸ್ಕೇಲಿಟ್ಟು ನೋಡಿದೆ, ನೇರವಾಗಿತ್ತು. ಎರಡನ್ನೂ ಅವರಿಗೆ ಹೇಳಿದೆ. ಅವರು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

ಬೆಳಿಗ್ಗೆ ಅವರ ಕುತ್ತಿಗೆಗೆ ಹಾಕಿದ್ದ ಪೌಡರಿನ ಡಬ್ಬಿಯನ್ನೇ ತಂದು ಎಂಜಿನ್ನಿನ ಮೇಲೆ ಉದುರಿಸತೊಡಗಿದೆ. ಪಕ್ಕದ ಮನೆಯ ಆಯಿ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಆಗಲೇ ನಿಂತಿದ್ದಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಬೆನ್ನು ಬಾಗಿದ ಮುದುಕಿ. ನಮ್ಮ ಮನೆಯವರನ್ನು ಎತ್ತಿ ಆಡಿಸಿದವಳು. ಮಗ್ಗ ನಿಂತ ದಿನ ಅವಳಿಗೆ ಬಾಯಿಯೊಂದೇ ಕೆಲಸ.

"ಏನ ಬೇ ಇದು, ಗಾಡಿಗಿ ಪೌಡರ ಹಚ್ಚಾಕತ್ತೀ? ಕಣ್ಣಿಗಿ ಕಾಡಿಗೀನೂ ಹಚ್ಚಿಬಿಡು, ಮುಧೋಳ ಕಡೆ ಒಂದ ವರಾ ನೋಡೂಣು."

"ಎಣ್ಣಿ ಎಲ್ಲಿಂದ ಸೋರತೈತಿ ಅಂತ ನೋಡಾಕ, ಆಯಿ."

"ಹಂಗಾರ ನನಗೂ ಒಂದೀಟ ಹಚ್ಚಿ ನೋಡು. ನಾ ಎಲ್ಲೆಲ್ಲಿ ಸೋರತೇನಿ ನನಗ ಗೊತ್ತಾಗವಲ್ದು."

ನಮ್ಮ ಮನೆಯವರು ನಕ್ಕರು. ಎಡಗಡೆಯ ಮುಖ ಮಾತ್ರ ನಗುತ್ತಿತ್ತು. ಬಲಗಡೆಯದು ಯಾರದೋ ಮಾತಿಗೆ ಕಾಯುತ್ತಿದ್ದಂತೆ ಇತ್ತು.

ಕೀಲಿ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಓಣಿಯಲ್ಲಿ ಬೇರೆ ಸದ್ದೇ ಇರಲಿಲ್ಲ. ಅವರು ತಲೆ ಓರೆ ಮಾಡಿ ಆಲಿಸಿದರು. ಎಡಗಾಲಿನ ಹೆಬ್ಬೆರಳು ಆ ತಾಳಕ್ಕೆ ನೆಲ ಬಡಿಯುತ್ತಿತ್ತು. ಐದು ನಿಮಿಷ. ಮುಚ್ಚಳದ ಮುಂದಿನ ಅಂಚು ಬೆಳ್ಳಗೆ ಒಣಗಿಯೇ ಇತ್ತು. ಎಡ ಅಂಚು, ಬಲ ಅಂಚು, ಎಲ್ಲವೂ ಬಿಳಿ. ಹತ್ತು ನಿಮಿಷ. "ಮ್ಯಾಲ ಒಣಗೇ ಐತ್ರಿ!" ಎಂದು ಕೂಗಿದೆ. ನನ್ನ ದನಿಯಲ್ಲಿನ ಸಂತೋಷ ನನಗೇ ಕೇಳಿಸಿತು. ಅವರು ಎಡಗೈ ಎತ್ತಿ ಆಯಿಯ ಕಡೆ ತೋರಿಸಿದರು, ಕೇಳಿದೆಯಾ ಎನ್ನುವ ಹಾಗೆ.

ಉಳಿದದ್ದು ಹಿಂದಿನ ಅಂಚು. ಅದು ಕಾರಿನ ಒಳಗೋಡೆಗೆ ಹತ್ತಿಕೊಂಡಂತೆ ಇರುವುದರಿಂದ ಬಗ್ಗಿದರೂ ಕಾಣುವುದಿಲ್ಲ. ಕುಂಕುಮದ ಡಬ್ಬಿಯ ಮುಚ್ಚಳದಲ್ಲಿ ಒಂದು ಸಣ್ಣ ಕನ್ನಡಿ ಇದೆ. ಅದನ್ನು ತಂದು, ಹಿಂದುಗಡೆ ಇಳಿಬಿಟ್ಟು, ಮೊಬೈಲಿನ ಬೆಳಕು ಹಿಡಿದೆ. ಕನ್ನಡಿಯಲ್ಲಿ ಮೊದಲು ಬಿಳಿ ಕಂಡಿತು. ಆಮೇಲೆ ಬಿಳಿಯ ನಡುವೆ ಒಂದು ಕಪ್ಪು ಗೆರೆ. ಮುಚ್ಚಳದ ಹಿಂದಿನ ಅಂಚಿನ ಸರಿ ಮಧ್ಯದಿಂದ ಹೊರಟು, ಎಂಜಿನ್ನಿನ ಬೆನ್ನಿನ ಮೇಲೆ ನೇರವಾಗಿ ಇಳಿದು, ಹನಿ ಬೀಳುವ ಜಾಗದತ್ತ ಹೋಗುತ್ತಿತ್ತು. ಕೆಳಗಿನ ಸೀಲು ಸೋರುತ್ತಿದೆ ಎಂದು ಅನಿಸುವಂತೆ ಮಾಡುತ್ತಿದ್ದದ್ದು ಈ ಗೆರೆ.

ನಾನು ಏನು ಮಾಡಿದೆ ಎಂದು ಬರೆಯಲು ಈಗಲೂ ಸಂಕೋಚ. ಪೌಡರಿನ ಡಬ್ಬಿಯನ್ನು ಹಿಂದುಗಡೆ ಒತ್ತಿ ಹಿಡಿದು ಎರಡು ಸಲ ಅದುಮಿದೆ. ಗೆರೆ ಮುಚ್ಚಿತು. ನಾನು ನೋಡುತ್ತಿದ್ದಂತೆಯೇ ಮತ್ತೆ ಕಪ್ಪಾಯಿತು. ಮತ್ತೆ ಅದುಮಿದೆ.

"ಎಲ್ಲಿ?" ಎಂದು ಕುರ್ಚಿಯಿಂದ ಕೇಳಿದರು.

"ಕೆಳಗರಿ," ಎಂದೆ. "ಕೆಳಗಿನ ಸೀಲನ ಇರಬೇಕು."

ಎಂಜಿನ್ ಬಂದ್ ಮಾಡಿದೆ. ಅವರ ಮುಖ ಎಷ್ಟು ಹಗುರವಾಯಿತೆಂದರೆ, ಈ ಸುಳ್ಳಿಗೆ ಮಿಸ್ತ್ರಿಯ ಹದಿನೈದು ದಿನದ ದುಡಿಮೆ ವ್ಯರ್ಥವಾದರೂ ಪರವಾಗಿಲ್ಲ ಅನಿಸಿತು. ಮಿಸ್ತ್ರಿ ಬಂದ ಕೂಡಲೇ ಬಾಗಿಲಲ್ಲಿ ತಡೆದು ಕಿವಿಯಲ್ಲಿ ಹೇಳಿಬಿಡಬೇಕು, ಮೇಲಿನದನ್ನು ಗುಟ್ಟಾಗಿ ಬದಲಿಸಿ ಕೆಳಗಿನದು ಎನ್ನಿರಿ ಎಂದು ಬೇಡಿಕೊಳ್ಳಬೇಕು ಎಂದು ಲೆಕ್ಕ ಹಾಕಿದೆ. ಊಟದಲ್ಲಿ ಅವರು ಎರಡು ರೊಟ್ಟಿ ತಿಂದರು. ಸಾರಿನಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ಸನ್ನೆ ಮಾಡಿದರು. ಎಷ್ಟೋ ದಿನಗಳ ಮೇಲೆ ಅವರು ಅಡುಗೆಗೆ ಹೆಸರಿಟ್ಟದ್ದು.

ಮಿಸ್ತ್ರಿ ಮೂರಕ್ಕೆ ಬಂದರು. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ದನಿ ಕೇಳಿ ಓಡಿ ಬರುವಷ್ಟರಲ್ಲಿ ಅವರು ಶೆಡ್ಡಿನಲ್ಲಿದ್ದರು. ನಮ್ಮ ಮನೆಯವರು ತಾವೇ ಗೋಡೆ ಹಿಡಿದು ಅಲ್ಲಿಗೆ ಹೋಗಿ, "ಕೆಳಗ, ಕೆಳಗ" ಎಂದು ಬೆರಳು ತೋರಿಸುತ್ತ ನಿಂತಿದ್ದರು. ಮಿಸ್ತ್ರಿಯ ಒಂದು ಕೈ ಆಗಲೇ ಎಂಜಿನ್ನಿನ ಹಿಂದೆ ಹೋಗಿತ್ತು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಪೌಡರು ಎಣ್ಣೆ ಕಲೆತು ಬೂದು ಹಿಟ್ಟಿನಂತೆ ಆಗಿತ್ತು.

"ವೈನಿ, ಇದು ಮ್ಯಾಲಿಂದನ ಬರಾಕತ್ತೈತಲ್ರಿ," ಎಂದರು, ಏನೂ ತಿಳಿಯದೆ, ಸಹಜವಾಗಿ. "ಪೌಡರ ಯಾಕಿಷ್ಟ ಸುರದೀರಿ? ಮೂರ ಪದರ ಐತಿ."

ನಮ್ಮ ಮನೆಯವರು ನನ್ನನ್ನು ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಪುಸ್ತಕದಿಂದ ನಾನು ಒಂದು ಸಾಲನ್ನೂ ಅವರಿಗೆ ತಪ್ಪಾಗಿ ಓದಿ ಹೇಳಿರಲಿಲ್ಲ. ನನ್ನ ಕೈಯಲ್ಲಿ ಒಣಗಿದ ಬಟ್ಟೆಗಳಿದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬಿಚ್ಚು," ಎಂದರು ಅವರು ಮಿಸ್ತ್ರಿಗೆ.

ಎರಡು ನಟ್ಟು, ಎರಡು ವಾಷರು. ಮುಚ್ಚಳ ಬಿಡುವಾಗ ಒದ್ದೆ ರಟ್ಟು ಹರಿಯುವ ಸದ್ದಾಯಿತು. ಮಿಸ್ತ್ರಿ ಚೂರಿಯ ತುದಿಯಿಂದ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ನಾಲ್ಕು ತುಂಡು. ಮೂಲೆಗಳು ಒಂದರೊಳಗೊಂದು ಬಡಗಿ ಕೂಡಿಸಿದಂತೆ ಕೂತಿದ್ದವು. ಮೂರು ತುಂಡು ಖಾಲಿ ಪಟ್ಟಿಯವು, ಗಟ್ಟಿಯಾಗಿಯೇ ಇದ್ದವು. ಹಿಂದಿನ ಅಂಚಿನ ನಾಲ್ಕನೆಯ ತುಂಡಿನ ಉದ್ದಕ್ಕೂ ತೂತುಗಳು. ಯಾವುದೋ ಸೀರೆಯ ಅಂಚಿಗೆ ಹೊಡೆದಿದ್ದ, ತೂತಿನ ಪಟ್ಟಿ. ವಾರ್ನಿಷ್ ಬಳಿದಾಗ ತೂತುಗಳ ಮೇಲೆ ತೆಳ್ಳಗೆ ಪೊರೆ ಕಟ್ಟಿರಬೇಕು. ಬಿಸಿಗೆ ಅದು ಒಡೆದು, ಒಂದು ತೂತಿನಿಂದ ಇನ್ನೊಂದಕ್ಕೆ ಎಣ್ಣೆ ದಾರಿ ಮಾಡಿಕೊಂಡಿತ್ತು.

ನಾನು ಅಷ್ಟು ಪೌಡರು ಸುರಿದದ್ದು ಯಾಕೆಂದು ಮಿಸ್ತ್ರಿಗೂ ಈಗ ತಿಳಿಯಿತು. ಅವರು ಪಟ್ಟಿಯನ್ನು ಮಡಚಿ ನೂಲಿನ ಮುದ್ದೆಯಲ್ಲಿ ಸೇರಿಸುತ್ತ, "ಸುಟ್ಟ ಹೋಗೈತ್ರಿ ಅಣ್ಣಾರ. ರಟ್ಟ ಅಲ್ಲೇನ್ರಿ, ಎಷ್ಟಂತ ತಡೀತೈತಿ? ನೀವ ಕೂಡಿಸಿದ್ದಕ್ಕ ಇಷ್ಟ ದಿನಾ ನಿಂತೈತಿ" ಎಂದರು.

"ಕೊಡು."

ಎಡಗೈ ಚಾಚಿದ್ದರು. ಕೊಡದೆ ವಿಧಿಯಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ತೊಡೆಯ ಮೇಲೆ ಹರವಿ, ಎಡ ಹೆಬ್ಬೆರಳನ್ನು ಅದರ ಮೇಲೆ ನಿಧಾನವಾಗಿ ಎಳೆದರು. ಮುಂದಿನ ತುಂಡು. ಪಕ್ಕದ ಎರಡು ತುಂಡು. ಹಿಂದಿನ ತುಂಡಿಗೆ ಬಂದಾಗ ಬೆರಳು ನಿಂತಿತು. ಮತ್ತೆ ಅದೇ ಜಾಗಕ್ಕೆ ಹಿಂದಕ್ಕೆ ಹೋಗಿ, ಮತ್ತೆ ಬಂತು. ಆಮೇಲೆ ಎಡಗೈಯಿಂದ ತಮ್ಮ ಬಲಗೈಯನ್ನು ಮಣಿಕಟ್ಟು ಹಿಡಿದು ಎತ್ತಿ, ಅದರ ಬೆರಳ ತುದಿಗಳನ್ನು ಆ ತೂತುಗಳ ಮೇಲೆ ಇಟ್ಟರು. ಇಟ್ಟು ಕಾದರು. ತುಂಬ ಹೊತ್ತು ಕಾದರು. ಬೇರೆಯವರ ಕೈಯನ್ನು ಹಿಡಿದು ಏನಾದರೂ ಗೊತ್ತಾಗುತ್ತದೆಯೇ ಎಂದು ಕೇಳುವವರ ಹಾಗೆ ತಲೆ ಬಗ್ಗಿಸಿದ್ದರು.

ಜಮಖಂಡಿಯಲ್ಲಿ ಮೊದಲ ದಿನವೇ ಡಾಕ್ಟರು ನನ್ನನ್ನು ಕೇಳಿದ್ದರು. "ಇದಕ್ಕೂ ಮದಲ ಕೈ ಜೋಮು ಹಿಡಿಯೋದು, ಮುಟ್ಟಿದ್ದು ಗೊತ್ತಾಗದಿರೋದು ಹಂಗೇನರ ಇತ್ತೇನ್ರಿ? ಒಂದೆರಡ ತಿಂಗಳ ಹಿಂದ?" ನಾನು ಏನೂ ಇರಲಿಲ್ಲ ಎಂದಿದ್ದೆ. ಧೈರ್ಯವಾಗಿ ಹೇಳಿದ್ದೆ. ಪೇಪರಿನ ಮೇಲಿನ ಹನಿ ಎಣಿಸುವವಳು, ಬಾಗಿಲ ಚಿಲಕದ ಸದ್ದಿನಿಂದಲೇ ಬಂದವರು ಯಾರೆಂದು ಹೇಳುವವಳು ನಾನು. ನನ್ನ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಏನು ಆಗಲು ಸಾಧ್ಯ? ಮೂವತ್ತು ವರ್ಷ ಕತ್ತಲಲ್ಲೂ ಖಾಲಿ ಪಟ್ಟಿಯನ್ನೂ ತೂತಿನ ಪಟ್ಟಿಯನ್ನೂ ಬೇರೆ ಮಾಡಿದ ಬೆರಳು ದಸರೆಯಲ್ಲಿ ಎರಡನ್ನೂ ಒಂದೇ ಎಂದು ತಿಳಿದಿತ್ತು. ಆಗಲೇ ತೋರಿಸಿದ್ದರೆ ಏನಾಗುತ್ತಿತ್ತೋ ನಾನು ಡಾಕ್ಟರನ್ನು ಕೇಳಿಲ್ಲ. ಕೇಳುವುದೂ ಇಲ್ಲ.

"ಹೊಸಾದ... ಹಾಕು," ಎಂದರು ನಮ್ಮ ಮನೆಯವರು.

ಮಿಸ್ತ್ರಿ ಬೆಂಡಿನ ಹಾಳೆ ತಂದಿದ್ದರು. ಕತ್ತರಿಸಿ, ಎರಡೂ ಕಡೆ ಒರೆಸಿ, ಕೂಡಿಸಿ, ನಟ್ಟನ್ನು ಬೆರಳಿನಿಂದ ತಿರುಗಿಸಿ, ಪಾನಾವನ್ನು ನಮ್ಮ ಮನೆಯವರ ಎಡಗೈಗೆ ಚಾಚಿದರು. "ಕಡೀ ಅರ್ಧಾ ಸುತ್ತ ನೀವ ಹಾಕ್ರಿ ಅಣ್ಣಾರ. ಇಲ್ಲಾಂದ್ರ ಈ ಗಾಡಿ ನನ್ನ ಮಾತ ಕೇಳಂಗಿಲ್ಲ."

ಅವರು ಪಾನಾ ತೆಗೆದುಕೊಳ್ಳಲಿಲ್ಲ. ಮುಖ ತಿರುಗಿಸಿ ನನ್ನ ಕಡೆ ತೋಳು ಚಾಚಿದರು, ಒಳಗೆ ಕರೆದುಕೊಂಡು ಹೋಗು ಎಂದು. ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು. ಹೊರಗೆ ಎಂಜಿನ್ ಇಪ್ಪತ್ತು ನಿಮಿಷ ಓಡಿತು. ಮಿಸ್ತ್ರಿ ಕಿಟಕಿಯ ಹತ್ತಿರ ಬಂದು, "ಒಂದ ಹನಿ ಇಲ್ರಿ, ಎಲ್ಲಾ ಒಣಗೈತಿ" ಎಂದು ಮೆಲ್ಲಗೆ ಹೇಳಿ ಹೋದರು. "ನಾ ಛಲೋ ಕೂಡ್ಸೀನಿ" ಎನ್ನುವ ವಾಕ್ಯವನ್ನು ಅಂದಿನಿಂದ ಇಂದಿನವರೆಗೆ ನಾನು ಅವರ ಬಾಯಲ್ಲಿ ಕೇಳಿಲ್ಲ.

ಅವರ ಬೆನ್ನ ಹಿಂದೆ ಕೂತು, ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಎಂದೆ. ಅವರು ತಿರುಗಲಿಲ್ಲ, ಎಡಗೈಯನ್ನು ಹಿಂದಕ್ಕೆ ತಂದು ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದರು. ಆ ಹೊತ್ತಿನಲ್ಲಿ ನಾನು ಹಿಡಿದುಕೊಂಡ ಸಮಾಧಾನ ಒಂದೇ. ತಮ್ಮ ಬೆರಳಿಗೆ ಏನೋ ಆಗಿದೆ ಎಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಗೊತ್ತಿಲ್ಲದಿರುವುದರಲ್ಲಿಯಾದರೂ ನಾವಿಬ್ಬರೂ ಜೊತೆಗಿದ್ದೆವು.

ದೀಪ ಹಚ್ಚುವ ಹೊತ್ತಿಗೆ ಆಯಿ ಒಂದು ಬಟ್ಟಲು ಹಿಡಿದು ಬಂದಳು. ಬಾಗಿಲ ಕಟ್ಟೆಯ ಮೇಲೆ ಉಸ್ಸೆಂದು ಕೂತು, ಒಳಗೆ ಇಣುಕಿ, "ಮಲಗ್ಯಾನೇನ? ಮಲಗಲಿ ಬಿಡು. ಗಾಡೀದು ಏನಾತು?" ಎಂದಳು.

"ಮ್ಯಾಲಿಂದನ ಸೋರತಿತ್ತು, ಆಯಿ. ದಸರಾದಾಗ ಅವರು ಹಾಕಿದ ಪಟ್ಟಿಯೊಳಗ ತೂತ ಇದ್ದು. ಅವರಿಗೆ ಗೊತ್ತಾಗಿಲ್ಲ."

"ಹೆಂಗ ಗೊತ್ತಾಗಬೇಕು ಬೇ," ಎಂದಳು ಆಯಿ, ಬಟ್ಟಲನ್ನು ನನ್ನ ಕಡೆ ಚಾಚುತ್ತ. "ಆವಾಗ ಅವನ ಬೆರಳ ಎಲ್ಲಿ ಮಾತ ಕೇಳತಿದ್ದು? ದಿನಾ ಮುಂಜಾನೆ ನಮ್ಮ ಬಾಗಲಿಗಿ ಬಂದು ಅಂಗಿ ಗುಂಡಿ ನನ್ನ ಕಡಿಂದ ಹಾಕಿಸ್ಕೊಂಡ ಹೋಗತಿದ್ದ. ಆಕಿಗಿ ಹೇಳಬ್ಯಾಡ ಆಯಿ, ಸುಮ್ಮ ಹೆದರತಾಳ ಅಂತಿದ್ದ. ಒಂದ ಚಮಚಾ ಮೊಸರ ಹಾಕು ಇದಕ್ಕ, ಹೆಪ್ಪಿಗಿ ಇಲ್ಲ."